ಯಾರು ತೀರ್ಮಾನಿಸಿದರು ಎಂಬ ಪ್ರಶ್ನೆಗೊಂದು ಪಿಎಚ್‌.ಡಿ.

ಚರ್ಚ್ ಇತಿಹಾಸದಲ್ಲಿ ಪಿಎಚ್‌.ಡಿ. ಮಾಡಲು ಹೊರಟವರಿಗೆ "ಚರ್ಚ್ ಆಡಳಿತವನ್ನು ವಿಷಯವಾಗಿ ಆರಿಸಿಕೊಳ್ಳಿ" ಎಂದರೆ ಅವರ ಉತ್ಸಾಹ ಕುಂದುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸಂತರ ಬದುಕು ಬೇಕು, ಸುಧಾರಕರ ಚಿಂತನೆ ಬೇಕು, ಮಿಷನರಿಗಳ ಸಾಹಸ ಬೇಕು. ಸಮಿತಿ, ಠರಾವು, ನಿಯಮಾವಳಿ ಮಾತ್ರ ಬೇಡ. ಅದೆಲ್ಲ ಗುಮಾಸ್ತರ ಕೆಲಸ, ಭಕ್ತಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಆಳವಾಗಿ ಬೇರೂರಿದೆ. ನಾನು ಇದನ್ನು ಒಪ್ಪುವುದಿಲ್ಲ. ಒಂದು ಚರ್ಚ್ ತಾನು ಬೋಧಿಸುವುದನ್ನು ಎಷ್ಟರ ಮಟ್ಟಿಗೆ ನಂಬಿದೆ ಎಂದು ತಿಳಿಯಬೇಕಾದರೆ ಯಾರು ಮತ ಹಾಕಿದರು, ಯಾರ ಸಹಿ ಬಿತ್ತು, ಹಣ ಯಾರ ಕೈಯಲ್ಲಿತ್ತು, ಯಾರನ್ನು ಕೇಳದೆ ತೀರ್ಮಾನವಾಯಿತು ಎಂದು ಹುಡುಕಬೇಕು.

ಈಗಿನ ಜರ್ಮನಿಯ ಕಾನ್‌ಸ್ಟನ್ಸ್ ಎಂಬ ಊರಿನಲ್ಲಿ ಬಿಷಪರೂ ಚರ್ಚ್ ಪಂಡಿತರೂ ಸೇರಿದ್ದ ಮಹಾಸಭೆಯನ್ನೇ ನೋಡಿ. 1414ರಿಂದ 1418ರವರೆಗೆ ನಡೆದದ್ದು. ಆಗ ಪೋಪ್ ಪಟ್ಟಕ್ಕೆ ಮೂವರು ಹಕ್ಕುದಾರರಿದ್ದರು: ರೋಮ್ ಸಾಲಿನ ಹನ್ನೆರಡನೆಯ ಗ್ರೆಗರಿ, ಅವಿನ್ಯೋನ್ ಸಾಲಿನ ಹದಿಮೂರನೆಯ ಬೆನೆಡಿಕ್ಟ್, ಪೀಸಾ ಸಾಲಿನ ಇಪ್ಪತ್ತಮೂರನೆಯ ಜಾನ್. ಮಹಾಸಭೆಯನ್ನು ಕರೆದಿದ್ದ ಜಾನ್ ಅವರೇ ತಮ್ಮ ಪಟ್ಟಕ್ಕೆ ಕುತ್ತು ಬಂದದ್ದನ್ನು ಕಂಡು 1415ರ ಮಾರ್ಚ್‌ನಲ್ಲಿ ಊರು ಬಿಟ್ಟು ಓಡಿಹೋದರು. ಕರೆದವರೇ ಇಲ್ಲದ ಸಭೆಗೆ ಅಧಿಕಾರ ಎಲ್ಲಿಂದ ಬರಬೇಕು? ಉಳಿದವರು ಏಪ್ರಿಲ್ 6ರಂದು ಅದಕ್ಕೆ ಲಿಖಿತ ಉತ್ತರ ಕೊಟ್ಟರು. ಈ ಮಹಾಸಭೆಯ ಅಧಿಕಾರ ನೇರವಾಗಿ ಕ್ರಿಸ್ತನಿಂದ ಬಂದದ್ದು. ವಿಶ್ವಾಸದ ವಿಷಯದಲ್ಲಿ, ಒಡಕನ್ನು ಹೋಗಲಾಡಿಸುವುದರಲ್ಲಿ, ಸುಧಾರಣೆಯಲ್ಲಿ ಪೋಪ್ ಸಹ ಇದಕ್ಕೆ ವಿಧೇಯರಾಗಬೇಕು. 'ಹೇಕ್ ಸಾಂಕ್ಟಾ' ಎಂದು ಹೆಸರಾದ ಈ ಠರಾವಿನಷ್ಟು ದಿಟ್ಟವಾದ ಆಡಳಿತ ಪತ್ರ ಮಧ್ಯಯುಗದ ಚರ್ಚ್‌ನಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಸರಿಯಾಗಿ ಮೂರು ತಿಂಗಳ ನಂತರ, ಜುಲೈ 6ರಂದು, ಅದೇ ಮಹಾಸಭೆ ಬೊಹೀಮಿಯದ ಸುಧಾರಕ ಬೋಧಕ ಯಾನ್ ಹುಸ್ ಅವರನ್ನು ಧರ್ಮದ್ರೋಹಿ ಎಂದು ಖಂಡಿಸಿತು. ಅಂದೇ ಅವರನ್ನು ಜೀವಂತ ಸುಡಲಾಯಿತು. ರಾಜ ಸಿಗಿಸ್ಮಂಡ್ ಕೊಟ್ಟಿದ್ದ ಅಭಯಪತ್ರ ಅವರನ್ನು ಉಳಿಸಲಿಲ್ಲ. ಈ ಎರಡು ದಿನಾಂಕಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಇಟ್ಟು ಬರೆಯುವ ಇತಿಹಾಸ ನನಗೆ ಒಪ್ಪಿಗೆಯಾಗುವುದಿಲ್ಲ. ಅಧಿಕಾರ ಒಬ್ಬರ ಕೈಯಿಂದ ಹಲವರ ಕೈಗೆ ಬಂದರೆ ನ್ಯಾಯ ತಾನಾಗಿಯೇ ಬಂದಂತೆ ಎಂದು ನಂಬಿರುವವರು ಇವೆರಡನ್ನೂ ಒಟ್ಟಿಗೆ ಓದಬೇಕು. ಪೋಪ್ ಅಧಿಕಾರಕ್ಕೆ ಮಿತಿ ಹಾಕಿದವರೂ ಹುಸ್ ಅವರನ್ನು ಖಂಡಿಸಿದವರೂ ಒಂದೇ ಸಭೆಯಲ್ಲಿ ಕುಳಿತಿದ್ದರು.

ಮುಂದಿನ ಕಥೆಯೂ ಅಷ್ಟೇ ಕುತೂಹಲದ್ದು. 1417ರ 'ಫ್ರೀಕ್ವೆನ್ಸ್' ಠರಾವಿನ ಪ್ರಕಾರ ಮೊದಲು ಐದು ವರ್ಷಕ್ಕೆ, ಆಮೇಲೆ ಏಳು ವರ್ಷಕ್ಕೆ, ಅಲ್ಲಿಂದಾಚೆ ಹತ್ತು ವರ್ಷಕ್ಕೊಮ್ಮೆ ಮಹಾಸಭೆ ಸೇರಬೇಕಿತ್ತು. ಆ ಪದ್ಧತಿ ಉಳಿಯಲಿಲ್ಲ. ಮುಂದೆ ಸೇರಿದ ಬಾಸೆಲ್ ಮಹಾಸಭೆಯಲ್ಲಿ, ಪೋಪ್‌ಗಿಂತ ಮಹಾಸಭೆಯೇ ಮೇಲೆಂದು ವಾದಿಸಿದ್ದ ಈನಿಯಾಸ್ ಸಿಲ್ವಿಯಸ್ ಮುಂದೆ ಎರಡನೆಯ ಪಿಯುಸ್ ಎಂಬ ಹೆಸರಿನಲ್ಲಿ ಪೋಪ್ ಆದರು. 1460ರಲ್ಲಿ, ಪೋಪ್ ತೀರ್ಪಿನ ವಿರುದ್ಧ ಮಹಾಸಭೆಗೆ ಮೇಲ್ಮನವಿ ಹೋಗುವುದನ್ನೇ ನಿಷೇಧಿಸಿದರು. 1870ರಲ್ಲಿ ಒಂದನೆಯ ವ್ಯಾಟಿಕನ್ ಮಹಾಸಭೆ ಪೋಪ್ ಅವರ ಪ್ರಮಾದಾತೀತತೆಯನ್ನು, ಅಂದರೆ ವಿಶ್ವಾಸದ ವಿಷಯದಲ್ಲಿ ಅವರು ಅಧಿಕೃತವಾಗಿ ಕೊಡುವ ಬೋಧನೆ ತಪ್ಪಾಗದು ಎಂಬುದನ್ನು, ಘೋಷಿಸಿದಾಗ ಕಾನ್‌ಸ್ಟನ್ಸ್‌ನ ಆ ಹಳೆಯ ಠರಾವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಮತ್ತೆ ಚುಚ್ಚತೊಡಗಿತು. ಅದು ಇನ್ನೂ ಮುಗಿದಿಲ್ಲ.

ಇಲ್ಲಿ ಒಂದು ಪಿಎಚ್‌.ಡಿ. ಏನು ಮಾಡಬಲ್ಲದು ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಇದೆ. ಮಹಾಸಭೆ ಪೋಪ್‌ಗಿಂತ ಮೇಲೆ ಎಂಬ ವಿಚಾರ ಹೊರಗಿನಿಂದ ನುಸುಳಿದ್ದು, ಪಾದುವಾದ ಮಾರ್ಸಿಲಿಯಸ್, ಓಕಮ್‌ನ ವಿಲಿಯಂ ಮುಂತಾದ ಬಂಡಾಯ ಚಿಂತಕರಿಂದ ಬಂದದ್ದು ಎಂದು ಬಹುಕಾಲ ಹೇಳಲಾಗುತ್ತಿತ್ತು. ಕೇಂಬ್ರಿಡ್ಜ್‌ನಲ್ಲಿ ಪಿಎಚ್‌.ಡಿ. ಸಂಶೋಧನೆ ಮಾಡಿದ ಇತಿಹಾಸಕಾರ ಬ್ರಯನ್ ಟಿಯರ್ನಿ, 12 ಮತ್ತು 13ನೆಯ ಶತಮಾನಗಳ ಚರ್ಚ್ ಕಾನೂನು ಪಂಡಿತರು ಬರೆದಿದ್ದ ಟಿಪ್ಪಣಿಗಳನ್ನು ಓದಿದರು. ಬಿಷಪ್ ಮತ್ತು ಅವರ ಕತೀಡ್ರಲ್ ಗುರುಗಳ ಮಂಡಳಿಯ ನಡುವೆ ಯಾರ ಒಪ್ಪಿಗೆ ಎಲ್ಲಿ ಬೇಕು, ಆಸ್ತಿ ಮಾರಲು ಯಾರ ಅನುಮತಿ ಬೇಕು, ಪೀಠ ಖಾಲಿಯಾದಾಗ ಅಧಿಕಾರ ಯಾರದು ಎಂಬಂಥ ಪ್ರಶ್ನೆಗಳು ಅಲ್ಲಿವೆ. ಮಹಾಸಭೆಯ ಸಿದ್ಧಾಂತ ಬೆಳೆದದ್ದು ಈ ನೆಲದಲ್ಲೇ, ಅಂದರೆ ಚರ್ಚ್‌ನ ಸ್ವಂತ ಕಾನೂನಿನಲ್ಲೇ ಎಂದು ಅವರು 1955ರಲ್ಲಿ ತೋರಿಸಿಕೊಟ್ಟರು. ಹೊರಗಿನದು ಎಂದು ತಳ್ಳಿಹಾಕಿದ್ದು ಮನೆಯೊಳಗಿನದೇ ಎಂದು ಗೊತ್ತಾಯಿತು. ಇಂಥ ಕೆಲಸಕ್ಕೆ ಬೇಕಾದದ್ದು ಲ್ಯಾಟಿನ್, ಹಸ್ತಪ್ರತಿ ಓದುವ ಅಭ್ಯಾಸ, ಬೇಸರವಿಲ್ಲದೆ ಕೂರುವ ಶಕ್ತಿ.

ಆಡಳಿತವನ್ನು ಅಭ್ಯಸಿಸುವವರು ಬೇಗನೆ ಮೂರು ಗೂಡುಗಳಿಗೆ ಹೋಗಿ ಸೇರುತ್ತಾರೆ: ಬಿಷಪ್ ಆಳ್ವಿಕೆ, ಹಿರಿಯರ ಮಂಡಳಿಯ ಆಳ್ವಿಕೆ, ಸ್ಥಳೀಯ ವಿಶ್ವಾಸಿಗಳ ಸ್ವಾಯತ್ತ ಆಳ್ವಿಕೆ. ಪರೀಕ್ಷೆಗೆ ಇದು ಸಾಕು, ಸಂಶೋಧನೆಗೆ ಸಾಲದು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನಾಷಿಯಸ್ ತಮ್ಮ ಪತ್ರಗಳಲ್ಲಿ, ಬಿಷಪ್ ಇಲ್ಲದೆ ಏನನ್ನೂ ಮಾಡಬೇಡಿ ಎನ್ನುತ್ತಾರೆ. 1883ರಲ್ಲಿ ಫಿಲೋಥಿಯೋಸ್ ಬ್ರಿಯೆನ್ನಿಯೋಸ್ ಪ್ರಕಟಿಸಿದ 'ದಿದಾಖೆ' ಎಂಬ ಪ್ರಾಚೀನ ಕೈಪಿಡಿಯಲ್ಲಿ, ಬಿಷಪರನ್ನೂ ಡೀಕನರನ್ನೂ (ಸಭೆಯ ಸೇವಕರನ್ನು) ನೀವೇ ಆರಿಸಿಕೊಳ್ಳಿ ಎಂದು ವಿಶ್ವಾಸಿಗಳಿಗೆ ಹೇಳಲಾಗಿದೆ. ಊರೂರು ತಿರುಗುವ ಪ್ರವಾದಿಗಳಿಗೂ ಅಲ್ಲಿ ದೊಡ್ಡ ಸ್ಥಾನವಿದೆ. ಆದಿಯಲ್ಲಿ ಒಂದೇ ಮಾದರಿ ಇತ್ತು, ಅದು ನಮ್ಮದೇ ಮಾದರಿ ಎಂದು ಸಾಧಿಸಹೊರಟ ಪ್ರಬಂಧಕ್ಕೆ ಈ ಎರಡು ಬರಹಗಳನ್ನು ಒಟ್ಟಿಗೆ ಅರಗಿಸಿಕೊಳ್ಳುವುದು ಕಷ್ಟ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಂತೂ ಈ ಗೂಡುಗಳನ್ನು ಮುರಿದೇ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಸೇರಿ ಸಂವಿಧಾನಕ್ಕೆ ಒಳಪಟ್ಟ ಬಿಷಪ್ ಪದವಿಯನ್ನು ಒಪ್ಪಿಕೊಂಡವು. ಬಿಷಪರಿಂದ ದೀಕ್ಷೆ ಪಡೆಯದ ಸಭಾಪಾಲಕರು ಸೇವೆಯಲ್ಲಿ ಮುಂದುವರಿಯಲು 30 ವರ್ಷಗಳ ಸಂಧಿಕಾಲವನ್ನು ಇಟ್ಟುಕೊಂಡವು.

ದಾಖಲೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಪ್ರಬಂಧ ಗೆಲ್ಲುವುದೂ ಸೋಲುವುದೂ ಅಲ್ಲೇ. ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಅವರ ಕಾಲದ ಜಿನೀವಾದಲ್ಲಿ 1541ರ ಚರ್ಚ್ ನಿಯಮಾವಳಿಯಂತೆ ಕನ್ಸಿಸ್ಟರಿ ಎಂಬ ಮಂಡಳಿ ಏರ್ಪಟ್ಟಿತು. ಸಭಾಪಾಲಕರೂ ನಗರದ ಪರಿಷತ್ತುಗಳು ಆರಿಸಿದ 12 ಹಿರಿಯರೂ ಅದರಲ್ಲಿ ಗುರುವಾರ ಗುರುವಾರ ಸೇರುತ್ತಿದ್ದರು. ಜನರ ಖಾಸಗಿ ಬದುಕಿಗೆ ಕೈಹಾಕಿದ ಕಠೋರ ನ್ಯಾಯಸ್ಥಾನ ಎಂಬುದು ಅದರ ಬಗ್ಗೆ ಬೆಳೆದ ಹೆಸರು. ಅದರ ನಡಾವಳಿ ಪುಸ್ತಕಗಳ ಕೈಬರಹ ಎಷ್ಟು ಗಡುಸೆಂದರೆ ಕೆಲವೇ ಮಂದಿ ಅದರ ಗೊಡವೆಗೆ ಹೋಗುತ್ತಿದ್ದರು. ಇತಿಹಾಸಕಾರ ರಾಬರ್ಟ್ ಕಿಂಗ್ಡನ್ ಮತ್ತು ಅವರ ಸಂಗಡಿಗರು ಅವನ್ನು ಸಾಲುಸಾಲಾಗಿ ಲಿಪ್ಯಂತರ ಮಾಡಿದ ಮೇಲೆ ಚಿತ್ರ ಸಂಕೀರ್ಣವಾಯಿತು. ಶಿಕ್ಷೆ, ಗದರಿಕೆ ಅಲ್ಲಿ ಇದ್ದೇ ಇವೆ; ಜೊತೆಗೆ ಜಗಳವಾಡಿದ ಗಂಡಹೆಂಡಿರನ್ನು, ಮಾತುಬಿಟ್ಟ ನೆರೆಹೊರೆಯವರನ್ನು ಕೂರಿಸಿ ರಾಜಿ ಮಾಡಿಸಿದ ಪ್ರಸಂಗಗಳೂ ಹೇರಳವಾಗಿವೆ. ಹಳೆಯ ಲ್ಯಾಟಿನ್ ಪ್ರಾರ್ಥನೆಯನ್ನು ಬಿಡಲೊಲ್ಲದ ಹೆಂಗಸರ ಮಾತುಗಳೂ ಇವೆ. ನಿಯಮಾವಳಿಯನ್ನಷ್ಟೇ ಓದಿದ ವಿದ್ಯಾರ್ಥಿಗೆ ಈ ಹೆಂಗಸರು ಸಿಗುವುದಿಲ್ಲ.

ಆದರೆ ನಡಾವಳಿ ಪುಸ್ತಕವನ್ನು ಕಣ್ಣುಮುಚ್ಚಿ ನಂಬಲೂ ಬಾರದು. ಅದು ತೀರ್ಮಾನವನ್ನು ಬರೆಯುತ್ತದೆ, ವಾದವನ್ನು ಬಹಳ ಸಲ ಬಿಟ್ಟುಬಿಡುತ್ತದೆ. ಸೋತವರ ಮಾತು ಒಂದು ಸಾಲಿಗೆ ಕುಗ್ಗುತ್ತದೆ. ಅದಕ್ಕೇ ಪತ್ರಗಳು, ದಿನಚರಿಗಳು, ನ್ಯಾಯಾಲಯದ ಕಡತಗಳು, ಎಲ್ಲಕ್ಕಿಂತ ಹೆಚ್ಚಾಗಿ ಲೆಕ್ಕಪುಸ್ತಕಗಳು ಬೇಕು. ಸ್ಕಾಟ್ಲೆಂಡಿನ ರಾಷ್ಟ್ರೀಯ ಚರ್ಚ್‌ನಲ್ಲಿ 1843ರಲ್ಲಿ ಆದ ಒಡಕನ್ನು ಲೆಕ್ಕಪುಸ್ತಕವಿಲ್ಲದೆ ಅರ್ಥ ಮಾಡಿಕೊಳ್ಳಲಾಗದು. ಸಭಾಪಾಲಕನನ್ನು ಸೂಚಿಸುವ ಹಕ್ಕು ಭೂಮಾಲೀಕ ಪೋಷಕನದು ಎಂದು 1712ರ ಕಾನೂನು ಹೇಳಿತ್ತು. 1834ರಲ್ಲಿ ಆಕ್ಟರಾರ್ಡರ್ ಎಂಬಲ್ಲಿ ಹೀಗೆ ಸೂಚಿತನಾದವನ ಪರವಾಗಿ ಸಹಿ ಹಾಕಿದ ಊರವರು ಇಬ್ಬರೇ. ವಿರೋಧಿಸಿದವರು 280ಕ್ಕೂ ಹೆಚ್ಚು. ನ್ಯಾಯಾಲಯ ಪೋಷಕನ ಹಕ್ಕನ್ನೇ ಎತ್ತಿಹಿಡಿಯಿತು. ಕೊನೆಗೆ ಸುಮಾರು 450 ಸಭಾಪಾಲಕರು ಸಂಬಳ, ಮನೆ, ಚರ್ಚ್ ಕಟ್ಟಡ ಎಲ್ಲವನ್ನೂ ಬಿಟ್ಟು ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಹೊರನಡೆದವರು ಬದುಕಿದ್ದು ಹೇಗೆ? ಅವರ ನಾಯಕ ಥಾಮಸ್ ಚಾಮರ್ಸ್ ರೂಪಿಸಿದ ಕೇಂದ್ರ ನಿಧಿಗೆ ಎಲ್ಲ ಊರಿನ ವಿಶ್ವಾಸಿಗಳೂ ಹಣ ಕಳುಹಿಸುತ್ತಿದ್ದರು. ಅದರಿಂದ ಶ್ರೀಮಂತ ನಗರದ ಸಭಾಪಾಲಕನಿಗೂ ಬಡ ಹಳ್ಳಿಯವನಿಗೂ ಸಮಾನ ಪಾಲು ಹೋಗುತ್ತಿತ್ತು. ಆತ್ಮಸಾಕ್ಷಿಯ ಸ್ವಾತಂತ್ರ್ಯ ಈ ನಿಧಿಯ ಬಲದ ಮೇಲೆ ನಿಂತಿತು.

ಇದೇ ಕಣ್ಣಿನಿಂದ ಹೆಂಗಸರ ಇತಿಹಾಸವನ್ನೂ ಓದಬೇಕು. ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚ್‌ನಲ್ಲಿ ಮಹಿಳೆಯರು ತಮ್ಮದೇ ಮಿಷನ್ ಮಂಡಳಿಗಳನ್ನು ಕಟ್ಟಿ, ಹಣ ಕೂಡಿಸಿ, ಕೆಲಸಗಾರರನ್ನು ಕಳುಹಿಸುತ್ತಿದ್ದರು. 1923ರ ಪುನರ್ರಚನೆಯಲ್ಲಿ ಆ ಮಂಡಳಿಗಳನ್ನು ಸಾಮಾನ್ಯ ಮಂಡಳಿಗಳಲ್ಲಿ ವಿಲೀನ ಮಾಡಲಾಯಿತು. ಸಾಮಾನ್ಯ ಸದಸ್ಯೆಯರನ್ನು ಯಾರೂ ಕೇಳಲಿಲ್ಲ. ಆ ಮಂಡಳಿಗಳ ನಾಯಕಿಯರಾಗಿದ್ದ ಕ್ಯಾಥರೀನ್ ಬೆನೆಟ್ ಮತ್ತು ಮಾರ್ಗರೆಟ್ ಹಾಜ್ 1927ರಲ್ಲಿ ಮಹಿಳೆಯರ ಅಸಮಾಧಾನದ ಕಾರಣಗಳನ್ನು ವರದಿ ಮಾಡಿ ಚರ್ಚ್‌ನ ಮುಂದಿಟ್ಟರು. 1930ರಲ್ಲಿ ಹಿರಿಯರ ಸ್ಥಾನ ಮಹಿಳೆಯರಿಗೆ ತೆರೆಯಿತು. ಯಾವ ವಿಶ್ವಾಸಪ್ರಮಾಣವೂ ಬದಲಾಗದೆ, ಕೇವಲ ದಕ್ಷತೆಯ ಹೆಸರಿನಲ್ಲಿ, ಅರ್ಧದಷ್ಟು ಜನರ ಕೈಯಿಂದ ತೀರ್ಮಾನದ ಹಕ್ಕು ಜಾರಿಹೋಗಬಹುದು. ಆಡಳಿತವನ್ನು ನೀರಸ ಎನ್ನುವವರು ಇದನ್ನು ಓದಲಿ.

ನಂಬಿಕೆಯುಳ್ಳವರು ತಮ್ಮದೇ ಚರ್ಚ್ ಕುರಿತು ನಿಷ್ಪಕ್ಷಪಾತವಾಗಿ ಬರೆಯಬಲ್ಲರೇ ಎಂದು ಕೆಲವರು ಕೇಳುತ್ತಾರೆ. ಬರೆಯಬಲ್ಲರು ಎಂದೇ ನನ್ನ ಉತ್ತರ. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಾಲ್ಲಾ, ಪೋಪ್‌ಗಳ ಲೌಕಿಕ ಅಧಿಕಾರಕ್ಕೆ ಆಧಾರವೆಂದು ತೋರಿಸಲಾಗುತ್ತಿದ್ದ 'ಕಾನ್‌ಸ್ಟಂಟೈನನ ದಾನಪತ್ರ' ಖೋಟಾ ಎಂದು ಅದರ ಲ್ಯಾಟಿನ್ ಭಾಷೆಯಿಂದಲೇ ಸಾಬೀತು ಮಾಡಿದರು. ಮುಂದೆ ಅವರು ಪೋಪ್ ಆಸ್ಥಾನದಲ್ಲೇ ಕೆಲಸ ಮಾಡಿದರು. ತನ್ನ ಚರ್ಚ್ ತಪ್ಪು ಮಾಡಿರಲಿಕ್ಕಿಲ್ಲ ಎಂದು ಮೊದಲೇ ತೀರ್ಮಾನಿಸಿಕೊಂಡವರಿಗೂ, ತಪ್ಪನ್ನಷ್ಟೇ ಮಾಡಿದೆ ಎಂದು ತೀರ್ಮಾನಿಸಿಕೊಂಡವರಿಗೂ ನಾನು ಹೇಳುವುದು ಒಂದೇ: ಮೂರು ವರ್ಷ ಕಳೆದು ಪ್ರಬಂಧ ಸಲ್ಲಿಸುವಾಗಲೂ ನಿಮ್ಮ ಅಭಿಪ್ರಾಯ ಒಂದಿಷ್ಟೂ ಕದಲದಿದ್ದರೆ ದಾಖಲೆಗಳನ್ನು ನೀವು ಸರಿಯಾಗಿ ಓದಿಲ್ಲ.

ಚರ್ಚ್‌ಗಳ ಮುಖ್ಯಸ್ಥರಲ್ಲಿ ನನ್ನದೊಂದು ಒತ್ತಾಯವಿದೆ. 1881ರಲ್ಲಿ ಪೋಪ್ ಹದಿಮೂರನೆಯ ಲಿಯೊ ವ್ಯಾಟಿಕನ್ ಪತ್ರಾಗಾರವನ್ನು ವಿದ್ವಾಂಸರಿಗೆ ತೆರೆದರು. 2020ರ ಮಾರ್ಚ್ 2ರಂದು, ಎರಡನೆಯ ಮಹಾಯುದ್ಧದ ಕಾಲದ ಹನ್ನೆರಡನೆಯ ಪಿಯುಸ್ ಅವರ ಕಡತಗಳೂ ತೆರೆದವು. ಅಷ್ಟು ದೊಡ್ಡ, ಅಷ್ಟು ಹಳೆಯ ಸಂಸ್ಥೆಗೆ ಸಾಧ್ಯವಾದದ್ದು ಸಣ್ಣ ಚರ್ಚ್‌ಗಳಿಗೆ ಏಕೆ ಸಾಧ್ಯವಿಲ್ಲ? ಎಷ್ಟು ವರ್ಷಗಳಾದ ಮೇಲೆ ಯಾವ ದಾಖಲೆ ತೆರೆಯುತ್ತದೆ ಎಂದು ಲಿಖಿತ ನಿಯಮ ಮಾಡಿ. ಬದುಕಿರುವವರ ಖಾಸಗಿ ಸಂಗತಿಗಳಿಗೆ ರಕ್ಷಣೆ ಇರಲಿ. ನಡಾವಳಿ ಮತ್ತು ಲೆಕ್ಕಪುಸ್ತಕಗಳ ಪಟ್ಟಿ ತಯಾರಿಸಿ, ಗೆದ್ದಲು ಹಿಡಿಯುವ ಮೊದಲು ಡಿಜಿಟಲ್ ಪ್ರತಿ ಮಾಡಿಸಿ. ಸಂಶೋಧಕ ಅರ್ಜಿ ಹಾಕಿದರೆ ಅನುಮತಿಯೋ ನಿರಾಕರಣೆಯೋ, ಕಾರಣಸಹಿತ ಉತ್ತರವನ್ನು ಬರಹದಲ್ಲಿ ಕೊಡಿ.