ಕಾಲು ಸೆಕೆಂಡಿನ ಮೌನ

ಪುಣೆ ಹತ್ತಿರದ ಹಿಂಜವಡಿಯ ನಮ್ಮ ಆಫೀಸಿನಲ್ಲಿ ಈಗ ಎಲ್ಲರೂ ಉಸಿರು ಬಿಗಿಹಿಡಿದು ಸ್ಪ್ಯಾನಿಷ್ ಮಾತಾಡುತ್ತಾರೆ. ಮೆಕ್ಸಿಕೋದ ಕ್ಲೈಂಟ್ ಸಿಕ್ಕಿದ್ದಾರೆ. ಯಾರ ಮಾತು ಎಷ್ಟು ಸರಾಗ ಅಂತ ಅಳೆಯೋಕೆ ಒಂದು ಸಾಫ್ಟ್‌ವೇರ್ ಬಂದಿದೆ. ನಿಮಿಷಕ್ಕೆ ಎಷ್ಟು ಅಕ್ಷರ (ಇಂಗ್ಲಿಷಿನ ಸಿಲಬಲ್) ಉದುರಿದವು ಅಂತ ಅದು ಎಣಿಸುತ್ತದೆ. ನಡುವೆ ಕಾಲು ಸೆಕೆಂಡಿಗಿಂತ ಜಾಸ್ತಿ ಸುಮ್ಮನಾದರೆ ಅಂಕ ಕಟ್. ಏನು ಹೇಳಿದಿರಿ ಅನ್ನೋದು ಅದಕ್ಕೆ ಬೇಕಿಲ್ಲ.

ಸ್ಪ್ಯಾನಿಷ್ ಓಡುವ ಭಾಷೆ, ನಿಜ. 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಗಟ್ಟಿಯಾಗಿ ಓದಿಸಿ ಅಳೆದಾಗ ಅದು ಸೆಕೆಂಡಿಗೆ ಸುಮಾರು 7.8 ಅಕ್ಷರ, ಇಂಗ್ಲಿಷು 6.2. ಆದರೆ ಆ ಭಾಷೆಯವರೂ ನಿಲ್ಲುತ್ತಾರಪ್ಪ! ಹೆಚ್ಚಾಗಿ ವಾಕ್ಯ ಮುಗಿದಲ್ಲಿ ನಿಲ್ಲುತ್ತಾರೆ. ನಾವು ಕ್ರಿಯಾಪದದ ರೂಪ ಹುಡುಕುತ್ತಾ ನಡುದಾರಿಯಲ್ಲೇ ಸಿಕ್ಕಿಬೀಳುತ್ತೇವೆ. ಎಲ್ಲಿ ನಿಂತರು ಅನ್ನೋದನ್ನೇ ನೋಡಬೇಕು ಅಲ್ವಾ? ಸ್ಪ್ಯಾನಿಷ್ ಎಷ್ಟು ಬರುತ್ತೆ ಅಂತ ನೋಡುವ ಡೆಲೆ ಪರೀಕ್ಷೆಯಲ್ಲಿ ಒಬ್ಬರು ಮಾತಾಡಿಸುತ್ತಾರೆ, ಇನ್ನೊಬ್ಬರು ಸುಮ್ನೆ ಕೂತು ಕೇಳಿ ಅಂಕ ಹಾಕುತ್ತಾರೆ. ನಾಲ್ಕು ಕಿವಿ. ನಮ್ಮ ಆಫೀಸಿಗೆ ಕಿವಿ ದುಬಾರಿ.

ಸದ್ದಿನ ಏರಿಳಿತ ನೋಡಿ ಎಣಿಸುವ ಯಂತ್ರಕ್ಕೆ ಯಾವ ಭಾಷೆಯಾದರೇನು? ಕೋಥ್ರೂಡಿನ ಮನೆಗೆ ಧಾರವಾಡದಿಂದ ಮಾವ ಬಂದಿದ್ದರು. ಮೂವತ್ತೈದು ವರ್ಷ ಕನ್ನಡ ಮಾಸ್ತರಿಕೆ ಮಾಡಿದವರು. ಮೊಬೈಲಿನಲ್ಲಿ ಆ ಸಾಫ್ಟ್‌ವೇರ್ ತೆರೆದು ಮುಂದಿಟ್ಟು, "ಮಾವಾರ, ಪುಣೆ ಹೆಂಗ ಅನಸ್ತದ್ರಿ?" ಅಂದೆ.

ಎಲೆಗೆ ಸುಣ್ಣ ಸವರಿದರು. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. "ಹೂಂ" ಅಂದರು. ಎದ್ದು ಹೋಗಿ ಗ್ಯಾಲರಿಯಿಂದ ಒಮ್ಮೆ ಬಗ್ಗಿ ನೋಡಿ ಬಂದು ಕೂತರು.

"ಊರೇನೋ ಚಲೋ ಅದ. ಆದ್ರ ಆಮಟಿಗೆ ಅಷ್ಟು ಬೆಲ್ಲ ಯಾಕ ಹಾಕ್ತಾರ?"

ನೂರಕ್ಕೆ ಹನ್ನೊಂದು ಬಂತು. 'ಆರಂಭಿಕ ಹಂತ. ಅಭ್ಯಾಸ ಮುಂದುವರಿಸಿ' ಅಂತ ಬರೆದಿತ್ತು. ಮಾವನಿಗೆ ತೋರಿಸಲಿಲ್ಲ.

ನಮ್ಮ ಟೀಮಿನ ಹುಬ್ಬಳ್ಳಿ ಹುಡುಗನಿಗೆ ತೊಂಬತ್ತನಾಲ್ಕು. ಒಂದು ಪರಿಚಯದ ಭಾಷಣ ಉರುಹೊಡೆದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ್ದ. ಪ್ರಮೋಷನ್ನೂ ಆಯ್ತು. ಮೊನ್ನೆ ಕಾಲ್‌ನಲ್ಲಿ ಮೆಕ್ಸಿಕೋದವರು ಸರ್ವರ್ ಯಾವಾಗ ಸರಿಹೋಗುತ್ತೆ ಅಂತ ಕೇಳಿದರು. ಹುಡುಗ ಒಂಚೂರೂ ತಡವರಿಸಲಿಲ್ಲ. ತನಗೆ ಇಬ್ಬರು ತಂಗಿಯರು, ಅಮ್ಮ ಟೀಚರ್, ಭಾನುವಾರ ಕ್ರಿಕೆಟ್ ಆಡುತ್ತೇನೆ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟ.

ಆ ಕಡೆ ಮೌನ. ಕಾಲು ಸೆಕೆಂಡಿಗಿಂತ ಜಾಸ್ತಿಯೇ ಇತ್ತು.