ಉಪ್ಪು ಗಾಳಿ ಇರೋದು ನಮ್ಮ ತಪ್ಪಾ?

ಕಾರವಾರದಲ್ಲಿ ಮೈಕ್ರೋವೇವ್ ಮಾರುವವರನ್ನು ಒಂದು ಮಾತು ಕೇಳಬೇಕಾಗಿದೆ. ಇಲ್ಲಿಯ ಗಾಳಿಗೆ ಬಾಗಿಲಿನ ಚಿಲಕ, ಫ್ಯಾನು, ಬೈಕಿನ ಸೈಲೆನ್ಸರ್ ಎಲ್ಲಾ ತುಕ್ಕು ಹಿಡಿಯುತ್ತದೆ. ಅದು ನಿಮಗೂ ಗೊತ್ತು, ನಮಗೂ ಗೊತ್ತು. ಹಾಗಿದ್ದಮೇಲೆ ಈ ಅಗ್ಗದ ಡಬ್ಬದ ಒಳಗಿರೋದು ಬರೀ ಬಣ್ಣ ಬಳಿದ ತಗಡು ಅಂತ ಮಾರುವಾಗಲೇ ಯಾಕೆ ಹೇಳೋದಿಲ್ಲ?

ನಾವು ತಗೊಂಡಿದ್ದು ತೀರಾ ಸಾದಾ ಮಾದರಿ. 20 ಲೀಟರ್, 700 ವ್ಯಾಟ್, ಎರಡು ನಾಬ್. ಗ್ರಿಲ್ ಇಲ್ಲ, ಕನ್ವೆಕ್ಷನ್ ಇಲ್ಲ. ಕೇಕ್ ಮಾಡೋದಕ್ಕೆ ಅಂತ ತಂದಿದ್ದಲ್ಲ, ಅಪ್ಪನಿಗೆ ಅಂತ ತಂದಿದ್ದು. ನಾವಿಬ್ಬರೂ ಕೆಲಸಕ್ಕೆ ಹೋದಮೇಲೆ ಮಧ್ಯಾಹ್ನ ಮನೆಯಲ್ಲಿ ಅವರೊಬ್ಬರೇ. ಕೈ ನಡುಗುತ್ತದೆ. ಗ್ಯಾಸ್ ಹಚ್ಚಿ ಆರಿಸೋದು ಮರೆಯುತ್ತಾರೆ. ಎರಡೇ ನಾಬ್ ಇದ್ದಿದ್ದಕ್ಕೆ ಅವರಿಗೆ ಬೇಗ ರೂಢಿಯಾಯಿತು. ಅನ್ನಕ್ಕೆ ಒಂಚೂರು ನೀರು ಚಿಮುಕಿಸೋದು, ಮೇಲೊಂದು ತಟ್ಟೆ ಮುಚ್ಚೋದು. ಗಂಜಿ ಅಂಚಿನಲ್ಲಿ ಕುದಿಯುತ್ತಿದ್ದರೂ ನಡುವೆ ತಣ್ಣಗೇ ಇರುತ್ತದೆ ಅಂತ ಮಧ್ಯ ನಿಲ್ಲಿಸಿ ಒಮ್ಮೆ ತಿರುವೋದು. ಎಲ್ಲಾ ಕಲಿತರು. ಬಿಸಿ ಊಟ ಮಾಡಿದೆ ಅಂತ ಅವರು ಫೋನಿನಲ್ಲಿ ಹೇಳಿದ ದಿನ ನನಗೆ ಎಷ್ಟು ಸಮಾಧಾನ ಆಗಿತ್ತು ಅಂದರೆ, ಹೇಳೋದಕ್ಕೆ ಬರೋದಿಲ್ಲ.

ಆ ಸಮಾಧಾನ ಒಂದು ಮಳೆಗಾಲ ದಾಟಲಿಲ್ಲ.

ತುಕ್ಕು ಶುರುವಾಗಿದ್ದು ಗಾಜಿನ ತಟ್ಟೆಯ ಕೆಳಗೆ. ಅಲ್ಲಿ ಸಣ್ಣ ಗಾಲಿಗಳ ಬಳೆ ತಿರುಗುತ್ತದಲ್ಲ, ಅದು ಉಜ್ಜಿ ಉಜ್ಜಿ ಬಣ್ಣ ಗೀರುತ್ತದೆ. ಊಟದ ಹಬೆ ನೀರಾಗಿ ಅಲ್ಲೇ ನಿಲ್ಲುತ್ತದೆ. ಜೊತೆಗೆ ನಮ್ಮ ಕಡಲಿನ ಗಾಳಿ. ದಿನಾ ಒಣಬಟ್ಟೆಯಲ್ಲಿ ಒರೆಸುತ್ತಿದ್ದೆವು, ಬಾಗಿಲು ತೆರೆದಿಟ್ಟು ಆರಿಸುತ್ತಿದ್ದೆವು. ಆದರೂ ಬಣ್ಣ ಉಬ್ಬಿತು, ಹಕ್ಕಳೆಯಾಗಿ ಎದ್ದಿತು, ಕೆಳಗೆ ಕೆಂಪು ತಗಡು ಕಂಡಿತು. ಆಮೇಲೆ ಒಂದಿನ ಒಳಗೆ ಚಟಚಟ ಅಂತ ಕಿಡಿ. ಬಣ್ಣ ಹೋಗಿ ಲೋಹದ ಚೂಪು ಅಂಚು ಎದ್ದರೆ ಕಿಡಿ ಹಾರುತ್ತದೆ. ಅಪ್ಪ ಹೆದರಿ ಪ್ಲಗ್ ಕಿತ್ತಿಟ್ಟರು.

ವಾರಂಟಿ ಇನ್ನೂ ಇತ್ತು. ಅಂಗಡಿಯವರು ಕಂಪನಿಗೆ ಫೋನ್ ಮಾಡಿ ಅಂದರು. ಕಂಪನಿಯವರು ಸರ್ವೀಸ್ ಹುಬ್ಬಳ್ಳಿಯಲ್ಲಿ ಅಂದರು. ಮಾರೋದಕ್ಕೆ ಕಾರವಾರ, ರಿಪೇರಿಗೆ ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿ! ಅಲ್ಲಿಂದ ಯಾರಾದರೂ ಬಂದು ನೋಡೋದಕ್ಕೇ ಬೇರೆ ದುಡ್ಡು. ಇಷ್ಟೆಲ್ಲಾ ಆದಮೇಲೆ ಉತ್ತರ ಏನು? "ತುಕ್ಕು ವಾರಂಟಿಯಲ್ಲಿ ಬರೋದಿಲ್ಲ ಮೇಡಂ. ನಿಮ್ಮ ಕಡೆ ವಾತಾವರಣವೇ ಹಾಗೆ."

ನಮ್ಮ ಕಡೆ ವಾತಾವರಣ ಹಾಗೆ ಅಂತ ಮಾರುವಾಗ ನೆನಪಾಗಲಿಲ್ಲ, ಅಲ್ವಾ?

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು, ಮ್ಯಾಗ್ನೆಟ್ರಾನಿಗೆ ಇಷ್ಟು ವರ್ಷ ಗ್ಯಾರಂಟಿ ಅಂತ. ಸರಿ, ಊಟ ಬಿಸಿ ಮಾಡುವ ಅಲೆ ಹುಟ್ಟಿಸುವ ಭಾಗ ಅದೇ. ಆದರೆ ನಮ್ಮ ಮನೆಯಲ್ಲಿ ಹಾಳಾಗಿದ್ದು ಅದಲ್ಲವಲ್ಲ. ತಗಡು ಹಾಳಾಯಿತು. ಗಾಜಿನ ತಟ್ಟೆ, ಬಲ್ಬು, ತುಕ್ಕು ಇವೆಲ್ಲ ವಾರಂಟಿಗೆ ಸೇರೋದಿಲ್ಲ ಅಂತ ಒಳಗಿನ ಪುಸ್ತಕದಲ್ಲಿ ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಇದೆ. ಅಪ್ಪನ ವಯಸ್ಸಿನವರು ಭೂತಗನ್ನಡಿ ಹಿಡಿದು ಓದಬೇಕೇ?

ಇನ್ನೊಂದು ಮಾತೂ ಅಂದರು, ಅದಂತೂ ಹೊಟ್ಟೆ ಉರಿಸಿತು. "ನಿಮ್ಮಲ್ಲಿ ವೋಲ್ಟೇಜೂ ಸರಿ ಇಲ್ಲ." ಹೌದು, ಇಲ್ಲ. ಮಳೆಗಾಲದ ಸಂಜೆ 230 ಬರಬೇಕಾದ ಕಡೆ ಟ್ಯೂಬ್‌ಲೈಟ್ ಕೂಡ ಹೊತ್ತೋದಿಲ್ಲ. ವೋಲ್ಟೇಜ್ ಇಳಿದರೆ ಇಂಥ ಸಾದಾ ಮೈಕ್ರೋವೇವಿನ ಕಾವೂ ಇಳಿಯುತ್ತದೆ, ಅದು ನಿಜ. ಆದರೆ ನಮ್ಮ ತಾಲೂಕಿನಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, 220 ಮೆಗಾವ್ಯಾಟಿನ 4 ಘಟಕ. ಕಾಳಿ ನದಿಗೆ ಕದ್ರಾದಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಊರು ಬಿಟ್ಟು ಎದ್ದವರು ನಮ್ಮ ಜನ. ಆ ಕರೆಂಟೆಲ್ಲಾ ಎಲ್ಲಿಗೋ ಹೋಗುತ್ತದೆ, ನಮಗೆ ಉಳಿದದ್ದು ಈ ಮಿಣುಕು. ಅದೂ ನಮ್ಮದೇ ತಪ್ಪಿನ ಲೆಕ್ಕಕ್ಕೆ!

ಪೇಂಟ್ ಹಚ್ಚಿ ಬಳಸಿ ಅಂತ ಕೆಲವರು ಹೇಳುತ್ತಾರೆ. ಮೈಕ್ರೋವೇವಿಗೆ ಅಂತಲೇ ಬರುವ ಪೇಂಟ್ ಬೇಕು, ಸಿಕ್ಕಿದ್ದನ್ನು ಬಳಿಯೋ ಹಾಗಿಲ್ಲ. ಈಗ ಬಾಗಿಲಿನ ಕೀಲುಗಳಿಗೂ ತುಕ್ಕು ಬಂದಿದೆ. ಬಾಗಿಲು ಸರಿಯಾಗಿ ಕೂರದಿದ್ದರೆ ಬಳಸಬೇಡಿ ಅಂತ ಅವರದೇ ಪುಸ್ತಕ ಎಚ್ಚರಿಸುತ್ತದೆ. ಅಪ್ಪನನ್ನು ಅದರ ಮುಂದೆ ನಿಲ್ಲಿಸೋ ಧೈರ್ಯ ನನಗಿಲ್ಲ. ಮಧ್ಯಾಹ್ನ ಮತ್ತೆ ತಣ್ಣನೆಯ ಊಟ.

ಒಳಮೈ ಸ್ಟೇನ್‌ಲೆಸ್ ಸ್ಟೀಲ್ ಇರುವ ಮೈಕ್ರೋವೇವ್ ಇದೆ ಅಂತ ಈಗ ಹೇಳುತ್ತಾರೆ. ಬೆಲೆ ಜಾಸ್ತಿಯಂತೆ. ಆವತ್ತು ಅಂಗಡಿಯಲ್ಲಿ "ಸಮುದ್ರದ ಹತ್ತಿರ ಇದ್ದೀರಿ, ಇದು ಬೇಡ, ಅದು ತಗೊಳ್ಳಿ" ಅಂತ ಒಂದು ಮಾತು ಹೇಳಿದ್ದರೆ ಸಾಲ ಮಾಡಿಯಾದರೂ ಅದನ್ನೇ ತರುತ್ತಿದ್ದೆವು. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಬಿಲ್ಲು, ಫೋಟೋ ಎಲ್ಲಾ ಇಟ್ಟುಕೊಂಡಿದ್ದೇನೆ. ಅಲ್ಲಿ ಆಗದಿದ್ದರೆ ಇಲ್ಲೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, ಬಿಡೋದಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಯಾರಿಗಾದರೂ ಹೀಗೇ ಆಗಿದ್ದರೆ ನೀವೂ ಬಿಲ್ಲು ಹುಡುಕಿ ಇಟ್ಟುಕೊಳ್ಳಿ.