ಪೋರನ ದಾರಿಯಲ್ಲಿ ನೂಕುನುಗ್ಗಲು

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬ ಗಾದೆಯನ್ನು ನಂಬಿಕೊಂಡು ಕಳೆದ ಶನಿವಾರ ರಾತ್ರಿ ಪೋರರ ಕಡೆಗೆ ಹೊರಟೆ. ಇಂಡೀ ಫೋಕ್ ಮತ್ತು ರಾಕ್ ತಂಡಗಳ ಕಛೇರಿ. ಮೂರು ತಂಡ, ಒಂದೇ ಟಿಕೆಟ್. ಇಂಡೀ ಎಂದರೆ ಇಂಡಿಪೆಂಡೆಂಟ್, ಯಾರ ಹಂಗೂ ಇಲ್ಲದ ಸ್ವತಂತ್ರ ಸಂಗೀತ ಎಂದು ಪೋಸ್ಟರ್ ಸಾರುತ್ತಿತ್ತು. ಹೋಗಿ ನೋಡಿದರೆ ಪೋರನ ದಾರಿಯಲ್ಲಿ ಕಾಲಿಡಲು ಜಾಗವಿಲ್ಲ. ಊರಿನ ದಾರಿ ಬಿಕೋ ಎನ್ನುತ್ತಿದ್ದಿರಬೇಕು.

ಮೊದಲ ತಂಡದ ನಾಲ್ವರಿಗೂ ಗಡ್ಡ, ಚೌಕಳಿ ಅಂಗಿ, ಉಣ್ಣೆಯ ಟೋಪಿ. ಸಭಾಂಗಣದ ಸೆಕೆಯಲ್ಲಿ ಆ ಟೋಪಿಯೊಳಗೆ ಏನು ಬೇಯುತ್ತಿತ್ತೋ ಗೊತ್ತಿಲ್ಲ. ಮೂರನೆಯ ತಂಡ ಬಂದಾಗ ಮೊದಲಿನವರೇ ಮತ್ತೆ ಬಂದರೆಂದು ತಿಳಿದು, ಹಳೆಯ ಪರಿಚಯದವನಂತೆ ಚಪ್ಪಾಳೆ ತಟ್ಟಿದೆ. ಅಕ್ಕಪಕ್ಕದವರು ನನ್ನನ್ನು ಕಟ್ಟಾ ಅಭಿಮಾನಿ ಎಂದುಕೊಂಡರು.

ಈ ಇಂಡೀ ಎಂಬುದು ಗಡ್ಡದಲ್ಲಿ ಹುಟ್ಟಿದ್ದಲ್ಲ, ಲೆಕ್ಕದ ಪುಸ್ತಕದಲ್ಲಿ ಹುಟ್ಟಿದ್ದು. 1977ರಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದ ಹುಡುಗರು ದೊಡ್ಡ ಕಂಪನಿಗಳ ಬಾಗಿಲು ಕಾಯದೆ, ಮನೆಯವರ ಮತ್ತು ಗೆಳೆಯರ ಹತ್ತಿರ ಸಾಲ ಎತ್ತಿ, ನಾಲ್ಕು ಹಾಡುಗಳ ರೆಕಾರ್ಡನ್ನು ತಾವೇ ಹೊರತಂದರು. 1980ರಲ್ಲಿ ಬ್ರಿಟನ್ನಿನಲ್ಲಿ ಇಂಥ ರೆಕಾರ್ಡುಗಳಿಗೆಂದೇ ಬೇರೆ ಮಾರಾಟದ ಪಟ್ಟಿ ಶುರುವಾದಾಗ ನೋಡುತ್ತಿದ್ದುದು ಹಂಚಿಕೆ ದೊಡ್ಡ ಕಂಪನಿಯ ಕೈಯಲ್ಲಿದೆಯೇ ಇಲ್ಲವೇ ಎಂಬುದನ್ನು. ಯಾವ ರಾಗ, ಯಾವ ಟೋಪಿ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಲೆಕ್ಕ ಕೇಳುವವರಿಲ್ಲ, ಟೋಪಿ ಹಾಕಿಕೊಂಡರೆ ಸಾಕು. ಹಾಕಿಸಿಕೊಳ್ಳಲು ನಾವಿದ್ದೇವೆ.

ಎರಡನೆಯದು ಫೋಕ್, ಅಂದರೆ ಜಾನಪದ ಧಾಟಿಯ ತಂಡ. 1965ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಫೋಕ್ ಉತ್ಸವದ ವೇದಿಕೆಗೆ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಸಭೆಯಲ್ಲಿ ಹಲವರು ಹುಯಿಲೆಬ್ಬಿಸಿದ್ದರು. ವಾದ್ಯಕ್ಕೆ ಕರೆಂಟ್ ಕೊಡುವುದೇ ಅವರಿಗೆ ಕುಲದ್ರೋಹ. ನಮ್ಮ ಗಾಯಕ ಹಳೆಯ ಮರದ ಗಿಟಾರನ್ನು ಎದೆಗವಚಿಕೊಂಡು, “ಇದು ಕಾಡಿನ ಗುಡಿಸಲಿನಲ್ಲಿ ಒಬ್ಬನೇ ಕೂತು ಬರೆದ ಹಾಡು” ಎಂದು ಪಿಸುಗುಟ್ಟಿದ. ಅವನ ಕಾಲ ಬುಡದಲ್ಲಿ ಸದ್ದಿನ ಬಣ್ಣ ಬದಲಿಸುವ ಎಂಟು ಕರೆಂಟಿನ ಪೆಡಲ್‌ಗಳಿದ್ದವು, ಎಣಿಸಿಯೇ ಹೇಳುತ್ತಿದ್ದೇನೆ. ಗುಡಿಸಲು ಪ್ರತಿಧ್ವನಿಸಲು ಒಂದು, ಒಂಟಿತನವನ್ನು ದುಪ್ಪಟ್ಟು ಮಾಡಲು ಇನ್ನೊಂದು. ನಾಲ್ಕನೆಯದರ ಬ್ಯಾಟರಿ ಸತ್ತುಹೋಯಿತು. ಕಾಡಿನ ಏಕಾಂತ ಮುಂದುವರಿಯಬೇಕಾದರೆ ಇಬ್ಬರು ಧ್ವನಿ ತಂತ್ರಜ್ಞರು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ವೇದಿಕೆಯ ಮೇಲೆ ಅಂಬೆಗಾಲಿಡಬೇಕಾಯಿತು.

ಇನ್ನು ಸದ್ದಿನ ವಿಷಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. 100ಕ್ಕೆ ಮುಟ್ಟಿದರೆ ಉಳಿಯುವುದು 15 ನಿಮಿಷ. ರಾಕ್ ತಂಡಗಳಿಗೆ 100 ಮುಟ್ಟುವುದು ನೀರು ಕುಡಿದಷ್ಟು ಸುಲಭ. ಮೊದಲ ತಂಡದ ನಾಲ್ಕನೆಯ ಹಾಡಿನ ಹೊತ್ತಿಗೇ ನನ್ನ ಕಿವಿಯ ಪಡಿ ಮುಗಿದಿರಬೇಕು, ಮಿಕ್ಕಿದ್ದನ್ನೆಲ್ಲ ಕಡ ತಂದು ಕೇಳಿದೆ. ಬಾಗಿಲಲ್ಲಿ ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆ ಮಾರುತ್ತಿದ್ದರು. ಕೇಳಲು ಟಿಕೆಟ್, ಕೇಳಿಸದಿರಲು ಬಿರಡೆ, ಎರಡಕ್ಕೂ ಒಂದೇ ಕಿಟಕಿ.

ಮೆಲುದನಿಯ ಹಾಡು ಬಂದಾಗ ಜನ ಇನ್ನಷ್ಟು ಹುಮ್ಮಸ್ಸಿನಿಂದ ಹರಟಿದರು. ಅಂತೂ ಒಬ್ಬರ ಮಾತು ಒಬ್ಬರಿಗೆ ಕೇಳಿಸಿತಲ್ಲ ಎಂಬ ಸಂತೋಷ. ಮೊಬೈಲ್ ಎತ್ತಿ ಹಿಡಿದವರ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ನನ್ನ ಮುಂದಿದ್ದವರ ಪರದೆಯಲ್ಲಿ ಡ್ರಮ್ ಬಾರಿಸುವವನು ಚೆನ್ನಾಗಿ ಕಾಣುತ್ತಿದ್ದ, ಅದಕ್ಕೆ ಋಣಿ.

ಕೊನೆಗೆ ಮೂರನೆಯ ತಂಡದ ಗಾಯಕ, “ಇದೇ ನಮ್ಮ ಕಡೆಯ ಹಾಡು” ಎಂದು ಗದ್ಗದಿತನಾದ. ಹಾಡಿದ, ಕೈಮುಗಿದ, ಹೋದ. ದೀಪ ಆರಿತು. “ಇನ್ನೊಂದು! ಇನ್ನೊಂದು!” ಎಂದು ಸಭೆ ನೆಲ ಗುದ್ದತೊಡಗಿತು. ನೂಕುನುಗ್ಗಲಿನ ಕೃಪೆಯಿಂದ ನಾನು ಅಷ್ಟರಲ್ಲಿ ವೇದಿಕೆಯ ಅಂಚಿಗೆ ಬಂದು ಬಿದ್ದಿದ್ದೆ. ಮೈಕಿನ ಬುಡದಲ್ಲಿ ಕಪ್ಪು ಟೇಪಿನಿಂದ ಅಂಟಿಸಿದ ಹಾಡುಗಳ ಪಟ್ಟಿ. ಹನ್ನೆರಡು ಹಾಡು, ಕೆಳಗೆ ದಪ್ಪನೆಯ ಗೆರೆ, ಗೆರೆಯ ಕೆಳಗೆ ಮತ್ತೆ ಮೂರು. ಗೆರೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ, “2 ನಿಮಿಷ ಕಾಯುವುದು.”

ಕಾದರು. ನನ್ನ ಗಡಿಯಾರದಲ್ಲಿ ಎರಡು ನಿಮಿಷ ಹತ್ತು ಸೆಕೆಂಡು. ಆಮೇಲೆ ಓಡಿಬಂದು, ನಮ್ಮ ಪ್ರೀತಿಗೆ ಸೋತು ಮರಳಿದವರಂತೆ ತಲೆಯಾಡಿಸುತ್ತ ಆ ಮೂರನ್ನೂ ಹಾಡಿದರು. ದೀಪ ಹತ್ತಿದ ಮೇಲೆ ನನ್ನ ಪಕ್ಕದ ಹುಡುಗನೊಬ್ಬ ವೇದಿಕೆಯವರನ್ನು ಕಾಡಿ ಬೇಡಿ ಆ ಪಟ್ಟಿಯನ್ನು ಕೀಳಿಸಿಕೊಂಡ. ಗಂಟಲು ಒಡೆದಿತ್ತು, ಕಣ್ಣಲ್ಲಿ ನೀರು. ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದು, ಗೆರೆಯ ಕೆಳಗೆ ಬೆರಳಿಟ್ಟು ತೋರಿಸುತ್ತ ಹೇಳಿದ:

“ನೋಡಿ ಸಾರ್, ಈ ಮೂರು ನಾವು ಕೂಗಿದ್ದಕ್ಕೆ ಸಿಕ್ಕಿದ್ದು.”